ಚೆಲ್ಲಿದ ಅಕ್ಕಿಯ ಕೆರಿಸ್

ಕುಸುಮಾವತಿ ಮೊದಲ ಕೆರಿಸ್ ನೋಡಿದ್ದು ಮೆಲ್ಬರ್ನಿನಲ್ಲಿ, ನಾದಿನಿಯ ಗೃಹಪ್ರವೇಶದ ದಿನ. ಊಟ ಮುಗಿದಿತ್ತು, ಬೆರಳಲ್ಲಿ ಹೋಳಿಗೆ ತುಪ್ಪದ ಘಮ ಇನ್ನೂ ಇತ್ತು. ಪಕ್ಕದ ಮನೆಯ ಶೇಖರಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿ ಕಬ್ಬಿಣ ಕರಗಿಸಿ, ಆಮೇಲೆ ಹನ್ನೆರಡು ವರ್ಷ ಜಾವಾದಲ್ಲಿ ಕೆಲಸ ಮಾಡಿದವರು. ನೆಂಟರನ್ನೆಲ್ಲ ತಮ್ಮ ಗ್ಯಾರೇಜಿಗೆ ಕರೆದರು. ಹೋದವಳು ಇವಳೊಬ್ಬಳೇ. ಎರಡು ಸಲ ಕೈ ತೊಳೆಸಿ, ಹಳದಿ ಬಟ್ಟೆ ಬಿಚ್ಚಿ, ಕೆರಿಸ್ ಎಂಬ, ಹಾವಿನಂತೆ ಬಳುಕಿದ ಜಾವಾದ ಕಪ್ಪು ಕಠಾರಿಯೊಂದನ್ನು ಅವಳ ಅಂಗೈ ಮೇಲಿಟ್ಟರು.

“ಬಳುಕು ಎಷ್ಟೈತೆ ಎಣಿಸಮ್ಮ.”

“ಹನ್ನೆರಡು, ಅಂಕಲ್.”

“ತಪ್ಪು. ಕೆರಿಸ್‌ಗೆ ಯಾವಾಗ್ಲೂ ಬೆಸ ಸಂಖ್ಯೆ. ಬುಡದಿಂದ ಎಣಿಸು.”

ಹದಿಮೂರು! ಅವಳಿಗೆ ಮೈ ಜುಮ್ಮೆಂದಿತು. ಬೆಳಕಿಗೆ ಹಿಡಿದಳು. ಕಪ್ಪು ಅಲಗಿನ ತುಂಬ ಬೆಳ್ಳನೆಯ ಚುಕ್ಕೆಗಳು.

“ಅಂಗಳದಲ್ಲಿ ಅಕ್ಕಿ ಚೆಲ್ಲಿದ ಹಾಗೆ ಉಂಟಲ್ಲ!”

ಶೇಖರಪ್ಪ ಕುರ್ಚಿಯಿಂದ ಎದ್ದೇಬಿಟ್ಟರು. “ಜಾವಾದೋರೂ ಇದನ್ನ ಚೆಲ್ಲಿದ ಅಕ್ಕಿ ಅಂತಾನೇ ಕರೀತಾರೆ ಕಣಮ್ಮ! ನಿನಗೆ ಕಣ್ಣೈತೆ. ಒಂದು ವರ್ಷ ಇಟ್ಕೊ. ಇದು ಅಸಲಿಯೋ ನಕಲಿಯೋ ಅಂತ ಮೂವತ್ತು ವರ್ಷದಿಂದ ನನಗೇ ಅನುಮಾನ. ನೀನೇ ಹೇಳು.”

ಪರವಾನಗಿಯ ಕಾಗದಪತ್ರ ಸಮೇತ ಕೆರಿಸ್ ಸಿಡ್ನಿಯ ಕೆಲ್ಲಿವಿಲ್‌ಗೆ ಬಂತು, ಹುಚ್ಚು ಹತ್ತಿತು. ನಾರ್ವೆಸ್ಟ್‌ನ ಲ್ಯಾಬಿನಲ್ಲಿ ದಿನವಿಡೀ ರಕ್ತ ಪರೀಕ್ಷಿಸಿ ಬಂದವಳು ಚಹಾಕ್ಕೂ ಮೊದಲು ಅದನ್ನೇ ಹಿಡಿಯುತ್ತಿದ್ದಳು. ಅಸಲಿಯ ಗುರುತುಗಳನ್ನು ಓದಿ ಕಲಿತಳು: ಹಳೆಯ ಕೆರಿಸ್ ಕೈಗೆ ಹಗುರ; ಉಗುರಿನಿಂದ ಮೀಟಿದರೆ ದನಿ ಉದ್ದಕ್ಕೆ ಹರಿಯುತ್ತದೆ; ಬುಡದ ತುಂಡು ಅಲಗಿಗೆ ಕೂಡುವ ಗೆರೆ ಕೂದಲಿನಷ್ಟು ಸಣ್ಣ. ಎಲ್ಲ ಸರಿ ಇತ್ತು. ಆದರೂ ಅಕ್ಕಿಯದೇ ಸಂಶಯ: ಕಬ್ಬಿಣದೊಳಗೆ ಬಡಿದು ಸೇರಿಸಿದ ಬೇರೆ ಲೋಹವೋ, ಆಸಿಡ್ಡಿನಲ್ಲಿ ಮೇಲೆ ಬರೆದದ್ದೋ?

“ನನ್ನ ಮುಖವನ್ನು ಇಷ್ಟು ಹತ್ತಿರದಿಂದ ಒಮ್ಮೆಯಾದರೂ ನೋಡಿದ್ದೀಯಾ?” ಎಂದ ಗಂಡ ಧನರಾಜ್.

“ನಿಮ್ಮದು ನಕಲಿ ಅಂತ ಮದುವೆ ದಿನವೇ ಗೊತ್ತಾಯ್ತು ಮಾರಾಯ್ರೇ.”

ಅಷ್ಟರಲ್ಲಿ ಆಯುಧಪೂಜೆ ಬಂತು. ಕಾರು ತೊಳೆದಳು, ಮಿಕ್ಸಿ ಒರೆಸಿದಳು. ಊರಿನಲ್ಲಿ ಅಮ್ಮ ಈ ದಿನ ಕತ್ತಿಗಳಿಗೆ ಹುಣಸೆಹುಳಿ ಹಚ್ಚಿ, ಬೂದಿಯಲ್ಲಿ ತಿಕ್ಕಿ ಫಳಫಳ ಹೊಳೆಸುತ್ತಿದ್ದಳು. ಕೆರಿಸ್ ಮಾತ್ರ ಕಪ್ಪಗೆ ಕೂತರೆ ಚೆಂದವೇ? ಅದಕ್ಕೂ ಹುಣಸೆಹುಳಿ ಹಚ್ಚಿ, ಬಾರ್ಬೆಕ್ಯೂವಿನ ಬೂದಿ ತಂದು, ಹಾಡು ಗುನುಗುತ್ತ ತಿಕ್ಕಿದಳು. ತೊಳೆದು ನೋಡಿದರೆ ಅಲಗು ಸ್ಟೀಲ್ ಚಮಚದಂತೆ ಬೆಳ್ಳಗೆ. ಒಂದು ಕಾಳೂ ಇಲ್ಲ!

“ಅಕ್ಕಿ ಎಲ್ಲ ಹೋಯ್ತು!”

“ಪಾತ್ರೆ ತಿಕ್ಕಿದ ಹಾಗೆ ತಿಕ್ಕಿದ್ದೀಯಲ್ಲ ಮಾರಾಯ್ತಿ,” ಎಂದ ಧನರಾಜ್ ಮರುದಿನ ಮೆಲ್ಬರ್ನಿಗೆ ಒಂಬತ್ತು ಗಂಟೆ ಕಾಲ ಕಾರು ಓಡಿಸಿದ. ಅವಳು ದಾರಿಯುದ್ದಕ್ಕೂ ಕ್ಷಮೆ ಕೇಳುವ ಮಾತು ಕಲಿತಳು. ಇನ್ನು ಕಬ್ಬಿಣದ ಮೊಳೆಯನ್ನೂ ಅವರು ತನ್ನ ಕೈಗೆ ಕೊಡಲಾರರು.

ಶೇಖರಪ್ಪ ಅಲಗನ್ನು ನೋಡಿದರು, ಅವಳನ್ನು ನೋಡಿದರು. ಕೈಗವಸು ತೊಟ್ಟು, ಕಬ್ಬಿಣವನ್ನಷ್ಟೇ ಕಪ್ಪಾಗಿಸುವ ಪಾಷಾಣವನ್ನು ನಿಂಬೆರಸದಲ್ಲಿ ಕಲಸಿಟ್ಟಿದ್ದ ಶೀಶೆ ತೆರೆದು, ಕುಂಚದಿಂದ ಮೆಲ್ಲಗೆ ಹಚ್ಚಿದರು. ಅಲಗು ಕಂದಿತು, ಕಪ್ಪಾಯಿತು. ಆಗ ಬುಡದ ಹತ್ತಿರ ಒಂದು ಕಾಳು ಕಂಡಿತು. ಇನ್ನೊಂದು. ನೋಡನೋಡುತ್ತ ಹಿಡಿಹಿಡಿ ಅಕ್ಕಿ!

“ಬಂತು! ಅಂಕಲ್, ಬಂತು!” ಅವಳು ಗ್ಯಾರೇಜಿನಲ್ಲೇ ಕುಣಿದಳು.

“ಮೇಲೆ ಬರೆದದ್ದಾಗಿದ್ರೆ ನಿನ್ನ ಹುಣಸೆಹುಳಿಗೇ ಶಿವಾಯ ನಮಃ. ಕಬ್ಬಿಣದೊಳಗೇ ಐತೆ, ಅದಕ್ಕೇ ತಿರುಗಿ ಬಂತು. ಅಸಲಿ!” ಮುದುಕರ ಕಣ್ಣು ಒದ್ದೆಯಾಗಿತ್ತು. “ಜಾವಾದಲ್ಲೂ ಹುಳಿಯಲ್ಲೇ ತೊಳೀತಾರಮ್ಮ. ತೊಳೆಯೋ ಧೈರ್ಯ ನನಗಿರಲಿಲ್ಲ. ಬೂದಿ ಮಾತ್ರ ಇನ್ನೊಮ್ಮೆ ಮುಟ್ಟೀಯ, ಜೋಕೆ!”

ಈಗ ಕುಸುಮಾವತಿ ವಾರದಲ್ಲಿ ಐದು ದಿನ ಲ್ಯಾಬಿನಲ್ಲಿ ರಕ್ತ ಪರೀಕ್ಷಿಸುತ್ತಾಳೆ; ಶನಿವಾರ ಬೆಳಿಗ್ಗೆ, ಸಿಡ್ನಿಯ ಸಂಗ್ರಾಹಕರು ತರುವ ಕೆರಿಸ್‌ಗಳನ್ನು.