ಹಸಿರು ಲಂಗದ ಅಂಚು

ಟೈಲರಮ್ಮನ ತೋರುಬೆರಳಿನ ಉಗುರು ನಡುವೆ ಸೀಳಿತ್ತು. ಯಾವತ್ತೋ ಮಿಷನ್ನಿನ ಸೂಜಿ ಹೊಕ್ಕ ಗುರುತು. ಯಾವ ಬಟ್ಟೆ ಕೊಟ್ಟರೂ ಆ ಬೆರಳು ಮೊದಲು ಅದರ ಅಂಚನ್ನು ಮಗುಚಿ ನೋಡುತ್ತಿತ್ತು.

ಅವರು ನಂಜನಗೂಡಿನವರು. ಹದಿಮೂರು ವರ್ಷದ ಮಗಳು ಒಂದು ಮಳೆಗಾಲ ಅಲ್ಲಿನ ಸ್ನಾನಘಟ್ಟದಲ್ಲಿ ಕಾಲು ಜಾರಿ ಕಪಿಲೆಯ ಪಾಲಾದಳು. ಹೆಣವೂ ಸಿಗಲಿಲ್ಲ. ಕಪಿಲೆ ಕಾವೇರಿಯನ್ನು ಸೇರುವುದು ನಮ್ಮ ನರಸೀಪುರದಲ್ಲಿ. ಅದಕ್ಕೇ ಹೊಲಿಗೆ ಮಿಷನ್ ಹೇರಿಕೊಂಡು ಬಂದು ನಮ್ಮ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದರು. “ಅಲ್ಲಿ ಕೊಚ್ಕಂಡು ಓಗಿದ್ದು ಇಲ್ಗೇ ಬರ್ಬೇಕು ಕಣವ್ವ” ಎನ್ನುತ್ತಿದ್ದರು. ಅವತ್ತು ಮಗಳು ಉಟ್ಟಿದ್ದು ಇವರೇ ಹೊಲಿದ ಹಸಿರು ನೈಲಾನ್ ಲಂಗ. ಬೆಳೆಯುವ ಹುಡುಗಿಯೆಂದು ಅಂಚಿನಲ್ಲಿ ಮೂರು ಮಡಿಕೆ ಬಿಟ್ಟು, ಹಸಿರು ದಾರ ಮುಗಿದದ್ದರಿಂದ ಕೆಂಪು ದಾರ ಹಾಕಿದ್ದರಂತೆ.

ಮಿಂದವರು ಪಾಪ ಕಳೆಯಲೆಂದು ಉಟ್ಟ ಬಟ್ಟೆಯನ್ನು ಹೊಳೆಯಲ್ಲೇ ಬಿಟ್ಟುಹೋಗುತ್ತಾರೆ. ಸಂಗಮದಲ್ಲಿ ಸಿಕ್ಕಿಕೊಂಡ ಅವನ್ನು ಟೈಲರಮ್ಮ ಎಳೆದು ತಂದು, ಅಂಚು ನೋಡಿ, ಒಗೆದು, ತುಂಡು ಜೋಡಿಸಿ ಹೊದಿಕೆ ಹೊಲಿಯುತ್ತಿದ್ದರು.

ನಾನು ಮೈಸೂರಿನಲ್ಲಿ ಫ್ಯಾಷನ್ ಡಿಸೈನ್ ಓದುತ್ತಿದ್ದೆ. ಕೊನೆಯ ವರ್ಷದ ಕಲೆಕ್ಷನ್‌ಗೆ ಅವೇ ಬಟ್ಟೆ ಬೇಕೆಂದು ಹಟ ಹಿಡಿದೆ. ಮಿಂಚುಳ್ಳಿಯ ರೆಕ್ಕೆ, ತಲಕಾಡಿನ ಮರಳಿನ ಅಲೆ, ಎಲ್ಲವನ್ನೂ ಹೊಳೆಯ ಬಟ್ಟೆಯಲ್ಲೇ ಹೊಲಿಯುವ ಹುಚ್ಚು. ನಾನು ಬರೆದ ಮರಳಿನ ಚಿತ್ರ ನೋಡಿ ಅವರು ನಕ್ಕರು. “ಮಳ್ಳು ಗಾಳಿಗೆ ಜಾರೋಯ್ತದೆ. ನಿನ್ ನೆರಿಗೆ ಜಾರ್ಬಾರ್ದು, ಇಲ್ಲಿ ಇಡ್ಕೊ” ಎಂದು ಕೈ ಹಿಡಿದು ಕಲಿಸಿದರು. ಒಂದೇ ಷರತ್ತು: “ಪ್ರತಿಯೊಂದ್ನೂ ಮೊದ್ಲು ನಂಗೆ ತೋರ್ಸು. ಆಮ್ಯಾಕೆ ಕತ್ರಿ ಆಕು.”

ಷೋಗೆ ಎರಡು ದಿನವಿತ್ತು. ಅವರು ನಂಜನಗೂಡಿಗೆ ಹೋಗಿದ್ದರು, ಸಂಜೆಗೆ ಬರುವವರಿದ್ದರು. ಸಂಗಮದ ಮರಳಲ್ಲಿ ಹೂತಿದ್ದ ಹಸಿರು ಬಟ್ಟೆಯೊಂದು ನನಗೆ ಸಿಕ್ಕಿತು. ಲಂಗವೋ ಸೀರೆಯ ತುಂಡೋ ತಿಳಿಯದಷ್ಟು ಚಿಂದಿ. ಅವರ ಮಗಳ ನೆನಪು ಬರಲಿಲ್ಲವೆಂದರೆ ಸುಳ್ಳಾದೀತು. ಬಂತು. ಇಂಥ ಹಸಿರು ಎಷ್ಟೋ ಸಿಕ್ಕಿವೆ ಎಂದುಕೊಂಡೆ. ಸಂಜೆಯವರೆಗೆ ಕಾದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಕೊಳೆತ ಅಂಚನ್ನು ಕಣ್ಣೆತ್ತಿಯೂ ನೋಡದೆ ಕತ್ತರಿಸಿ ಕಸಕ್ಕೆ ಹಾಕಿದೆ, ಉಳಿದದ್ದನ್ನು ಗೌನಿಗೆ ಹೊಲಿದೆ. ನೋಡಿದರೆ ಕತ್ತರಿ ಹಾಕಲಾಗುವುದಿಲ್ಲವೆಂದು ನನಗೆ ಗೊತ್ತಿತ್ತು.

ಷೋಗೆ ಅವರು ಮಲ್ಲಿಗೆ ಹಿಡಿದು ಬಸ್ಸಿನಲ್ಲಿ ಬಂದರು. ಮರಳಿನ ಅಲೆಯ ನೆರಿಗೆಯ ಹಸಿರು ಗೌನು ಕೊನೆಗೆ ಬಂದಾಗ ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಷೋ ಮುಗಿದ ಮೇಲೆ ಪರದೆಯ ಹಿಂದೆ ಅವರು ಗೌನು ಹಿಡಿದು ನಿಂತಿದ್ದರು.

“ಇದುರ್ ಅಂಚೆಲ್ಲೋಯ್ತವ್ವಾ?”

“ಕೊಳ್ತೋಗಿತ್ತು ಅಮ್ಮ. ಕತ್ತರಿಸಿಬಿಟ್ಟೆ.”

“ದಾರ ಯಾವ್ ಬಣ್ಣ ಇತ್ತು?”

“ನೋಡ್ಲಿಲ್ಲ.”

ಸೀಳಿದ ಉಗುರಿನ ಬೆರಳಿಂದ ನೆರಿಗೆಗಳನ್ನು ಒಂದೊಂದಾಗಿ ಸವರಿದರು. ಆಮೇಲೆ, “ನೆರಿಗೆ ಚೆಂದಾಗಿ ಕೂತವೆ ಕಣವ್ವ” ಎಂದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಮರುದಿನ ಕಸದ ರಾಶಿಯನ್ನೆಲ್ಲ ಕೆದಕಿದೆ, ಅಂಚು ಸಿಗಲಿಲ್ಲ.

ಅವತ್ತಿನಿಂದ ಅವರು ಹೊಳೆಗೆ ಹೋಗುವುದನ್ನೇ ಬಿಟ್ಟರು. ಮಗಳು ಸಿಕ್ಕಳೆಂದೋ, ಇನ್ನು ಸಿಗುವುದಿಲ್ಲವೆಂದೋ ಕೇಳಲು ನನಗೆ ಬಾಯಿ ಬರಲಿಲ್ಲ. ಹೊಲಿಗೆ ಮಾತ್ರ ಮೊದಲಿನಷ್ಟೇ ಪ್ರೀತಿಯಿಂದ ಕಲಿಸಿದರು. ಇವತ್ತು ನಾನು ತಿನ್ನುತ್ತಿರುವುದು ಆ ಅನ್ನವನ್ನೇ.

ಹೋದ ವರ್ಷ ಅವರು ತೀರಿಕೊಂಡರು. ಗುಣಿಯಲ್ಲಿ ಕೂರಿಸಿ ವಿಭೂತಿ ಹಚ್ಚಿದ ಮೇಲೆ, ಮಡಿಲಲ್ಲಿಡಿ ಎಂದು ಆ ಗೌನನ್ನು ಮಡಿಚಿ, ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರಿಗೆ ಕೊಟ್ಟೆ.

“ಏನ್ ಕೂಸೆ ಇದು?” ಎಂದರು.

“ಅವ್ರ ಮಗಳ್ದು” ಎಂದೆ.

ಅದು ನಿಜವೋ ಸುಳ್ಳೋ ನನಗೆ ಇವತ್ತಿಗೂ ಗೊತ್ತಿಲ್ಲ.