ಮಾಸ್ತರು ಇಳಿದ ಮೆಟ್ಟಿಲು

ಸೌಮ್ಯಾ, ವೀರೇಶಾ, ನೀವು ಯಾವ ಊರನ್ನಾದರೂ ಫೋನಿನಲ್ಲಿ ಹಿಗ್ಗಿಸಿ ನೋಡುತ್ತೀರಿ. ನಮ್ಮ ಗುಂಡಪ್ಪ ಮಾಸ್ತರು ಒಂದು ಊರನ್ನು ಹಸಿ ಸಗಣಿ ನೆಲದ ಮೇಲೆ ಬೆರಳಿನಿಂದಲೇ ಎಬ್ಬಿಸುತ್ತಿದ್ದರು.

ನನ್ನ ತವರೂರು ಮಾನ್ವಿ ತಾಲೂಕಿನ ಸಣ್ಣ ಹಳ್ಳಿ. ಶನಿವಾರ ಬೆಳಿಗ್ಗೆ ಹೆಣ್ಣುಮಕ್ಕಳು ಸಾಲಿಯ ನೆಲ ಸಾರಿಸಬೇಕಿತ್ತು. ನಾವು ಸಾರಿಸುತ್ತ ಹಿಂದೆ ಸರಿದಂತೆ ಮಾಸ್ತರು ಧೋತರ ಎತ್ತಿ ಕಟ್ಟಿ, ತುದಿಗಾಲಲ್ಲಿ ಕುಳಿತು ಎರಡು ನದಿ ಕೊರೆಯುತ್ತಿದ್ದರು. ನದಿಗಳು ಕೂಡುವ ಮೂಲೆಯಲ್ಲಿ ಒಂದು ಚೂಪು ಗುಡ್ಡ, ಗುಡ್ಡದ ಮೇಲೆ ಊರು. ಊರಿನಿಂದ ನೀರಿನವರೆಗೆ ಉಗುರಿನಲ್ಲಿ ಗೀರಿದ ಮೆಟ್ಟಿಲು. ಆಮೇಲೆ ಒಂದು ನದಿಗೆ ಕೆಮ್ಮಣ್ಣಿನ ನೀರು, ಇನ್ನೊಂದಕ್ಕೆ ತಿಳಿನೀರು.

"ಇದು ಚೀನಾದ ಚುಂಗ್‌ಕಿಂಗ್. ನಮ್ಮ ಕೃಷ್ಣಾ, ತುಂಗಭದ್ರಾ ಜಿಲ್ಲಾ ದಾಟಿ ಹೋಗಿ ಕೂಡ್ತಾವ. ಇವು ಊರ ಬಾಗಿಲದಾಗ ಕೂಡ್ತಾವ. ಕೂಡಿದ್ರೂ ತಮ್ಮ ಬಣ್ಣ ಜಲ್ದಿ ಬಿಡಂಗಿಲ್ಲ, ನೋಡ್ರಿ."

ಸಾಲಿಗೆ ನಕಾಶೆಯ ಪುಸ್ತಕ ಇರಲಿಲ್ಲ. ರಾಯಚೂರಿನ ಅಂಗಡಿಯಲ್ಲಿ ಬೆಲ್ಲ ಕಟ್ಟಿಕೊಟ್ಟ ಹಾಳೆಯಲ್ಲಿ ಈ ಊರಿನ ನಕಾಶೆ ಇತ್ತಂತೆ. ಎರಡನೇ ಮಳೆಗಾಲಕ್ಕೆ ಅದನ್ನು ಗೆದ್ದಲು ತಿಂದಿತು. "ಹಾಳಿ ಹೋತು, ಊರು ಉಳೀತು" ಎಂದು ಮಾಸ್ತರು ನಕ್ಕರು.

ಆ ಹಾಳೆಯಲ್ಲಿ ಇದ್ದದ್ದು ನದಿ ಮತ್ತು ರಸ್ತೆ ಮಾತ್ರ. ಮಾಸ್ತರು ಹೇಳುತ್ತಿದ್ದುದು ಬೇರೆಯೇ. ಹೊಳೆಯ ಕಡಿದಾದ ಕಣಿವೆಯಲ್ಲಿ ನೂರಾರು ಜನ ಹೆಗಲಿಗೆ ಹಗ್ಗ ಹಾಕಿ, ದೋಣಿಗಳನ್ನು ಎದುರು ನೀರಿಗೆ ಎಳೆಯುತ್ತಿದ್ದುದು. ಉಪ್ಪು, ರೇಷ್ಮೆ, ಹಂದಿಯ ಕೂದಲು, ಕಟ್ಟಿಗೆಗೆ ಬಳಿಯುವ ಎಣ್ಣೆ ಎಲ್ಲವೂ ಬಿದಿರ ಬಡಿಗೆಯ ತುದಿಗೆ ನೇತಾಡುತ್ತ ಮೆಟ್ಟಿಲು ಹತ್ತುತ್ತಿದ್ದುದು. ಆಮೇಲೆ ಪರದೇಶದವರ ಉಗಿಹಡಗು ಬಂದು ಹಗ್ಗದವರ ಕೆಲಸ ಹೋದದ್ದು. ಯುದ್ಧದ ಕಾಲದಲ್ಲಿ ಅದೇ ರಾಜಧಾನಿಯಾಗಿ, ಮೇಲಿನಿಂದ ಬಾಂಬು ಬಿದ್ದಾಗ ಜನ ಬಂಡೆ ಕೊರೆದ ಗವಿಗಳಲ್ಲಿ ಉಸಿರು ಬಿಗಿಹಿಡಿದು ಕುಳಿತದ್ದು. ಚಳಿಗಾಲ ಪೂರ್ತಿ ಮಂಜು. ಹೇಳುವಾಗ ಅವರು ಪುಸ್ತಕ ಓದಿದವರ ಹಾಗೆ ಇರುತ್ತಿರಲಿಲ್ಲ. ಈಗಷ್ಟೇ ಆ ಮೆಟ್ಟಿಲು ಹತ್ತಿ ಬಂದವರ ಹಾಗೆ ಏದುಸಿರು ಬಿಡುತ್ತಿದ್ದರು.

ಒಂದು ಬೇಸಿಗೆಯಲ್ಲಿ ಅವರ ಹಿಮ್ಮಡಿಗೆ ಹಳದಿ ಕೆಸರು ಮೆತ್ತಿತ್ತು. ನನ್ನ ಗೆಳತಿ ಹನುಮಿ ಕಿವಿಯಲ್ಲಿ ಕೇಳಿದಳು: "ಮಾಸ್ತರು ಕೆರಿಗಿ ಹೋಗಿದ್ರೇನು ಬೇ?" ನಮ್ಮ ಕೆರೆ ಒಣಗಿತ್ತು. ನಮ್ಮದು ಎರೆಭೂಮಿ, ಮಣ್ಣು ಕರಿ. ನಾವಿಬ್ಬರೂ ಆ ದಿನ ಮುಂದಿನ ಸಾಲು ಬಿಟ್ಟು ಹಿಂದೆ ಹೋಗಿ ಕುಳಿತೆವು.

ಒಂದು ಶನಿವಾರ ಸಾಲಿ ನೋಡಲು ಸಾಹೇಬರು ಬಂದರು. ನೆಲ ನೋಡಿ ಹುಬ್ಬೇರಿಸಿದರು. "ಇದು ಯಾವ ಪುಸ್ತಕದಾಗ ಅದ ತೋರಸ್ರಿ. ಮಕ್ಕಳಿಗಿ ಸುಳ್ಳು ಹೇಳಾಕ ಸರಕಾರ ಪಗಾರ ಕೊಡತದೇನು?" ಸಾಹೇಬರು ನಕ್ಕರೆಂದು ನಾವೂ ನಕ್ಕೆವು. ಅಳಿಸಲು ನನಗೆ ಹೇಳಿದರು. ನಾನೇ ಬಕೇಟು ತಂದು ಆ ಊರಿನ ಮೇಲೆ ಸಗಣಿ ಎಳೆದೆ.

ಅವರು ಹೋದ ಮೇಲೆ ಮಾಸ್ತರು ಮೆಲ್ಲಗೆ ಕೇಳಿದರು: "ನಾ ಸುಳ್ಳು ಹೇಳಿದ್ನೇನವ್ವಾ?"

ನಾನು ತಲೆ ತಗ್ಗಿಸಿದೆ. ಬಕೇಟು ಎತ್ತಿಕೊಂಡು ಹೊರಗೆ ಹೋದೆ.

ನಾನು ನನ್ನ ಮಗನ, ಅಂದರೆ ನಿಮ್ಮಪ್ಪನ, ಜೊತೆ ಇರಲು ಮಾನ್ವಿಗೆ ಬಂದಾಗ ಮಾಸ್ತರು ನಮ್ಮ ಓಣಿಯಲ್ಲೇ ಇದ್ದರು. ಕಣ್ಣು ಪೂರ್ತಿ ಹೋಗಿತ್ತು. ಹಳೆಯ ವಿದ್ಯಾರ್ಥಿ ಯಾರೇ ಬಂದು ಕಾಲು ಮುಟ್ಟಲಿ, ಒಂದೇ ಮಾತು: "ನಾ ಕಲಿಸಿದ್ದು ಖರೇನೋ ಸುಳ್ಳೋ, ಯಾರರ ಒಬ್ಬರು ನೋಡಿ ಬಂದು ಹೇಳ್ರಿ. ಅಷ್ಟು ತಿಳದ್ರ ನಾ ಹೋಗಾಕ ಆರಾಮ." ಜನ ಹೂಂ ಎಂದು ಎದ್ದು ಹೋಗುತ್ತಿದ್ದರು. ನಾನು ಮಾತ್ರ ನೆಲ ನೋಡುತ್ತ ಕೂರುತ್ತಿದ್ದೆ.

ಹೋದ ಚಳಿಗಾಲ ನಿಮ್ಮಪ್ಪ ಮಿಲ್ಲಿಗೆ ಅಕ್ಕಿ ಆರಿಸುವ ಮಷಿನ್ ನೋಡಲು ಚೀನಾಕ್ಕೆ ಹೊರಟ. ನಾನು ಯಾರಿಗೂ ಏನೂ ಕೇಳಿದವಳಲ್ಲ. ಅವನ ಚೀಲ ಹಿಡಿದು, ಚುಂಗ್‌ಕಿಂಗನ್ನೂ ನೋಡಿ ಮಾಸ್ತರಿಗೆ ಹೇಳು ಎಂದು ಕೇಳಿದೆ. "ಎಲ್ಲಿ ಬಿಟ್ಟು ಎಲ್ಲಿಗೆ ಬೇ!" ಎಂದು ಗೊಣಗಿದ. ಆದರೆ ಹೋದ.

ಅಲ್ಲಿಂದ ಒಂದು ಮಧ್ಯಾಹ್ನ ಅವನ ಫೋನು ಬಂತು. ನಾನು ಓಡಿ ಹೋಗಿ ಮಾಸ್ತರ ಕಿವಿಯ ಹತ್ತಿರ ಹಿಡಿದೆ.

"ಮಾಸ್ತರ, ನದಿ ಕೂಡೋ ಕಡಿ ಮೆಟ್ಟಿಲ ಮ್ಯಾಲ ನಿಂತೀನ್ರಿ. ಈಗ ಇಲ್ಲಿ ಎಲ್ಲಾ ಮುಗಲು ಮುಟ್ಟೋ ಕಟ್ಟಡ. ಕಾರು, ಮೋಟರ್‌ಸೈಕಲ್, ಕಂಪ್ಯೂಟರ್ ಮಾಡೋ ಫ್ಯಾಕ್ಟರಿ ಊರು ಇದು."

"ಇರ್ಲಿ ತಮ್ಮಾ. ಬಲಕ್ಕ ನಡಿ. ಹಳೀ ಕಲ್ಲಿನ ಗೋಡಿ ಬರ್ತದ. ದೋಣಿ ಕಟ್ಟೋ ಕಬ್ಬಿಣದ ಉಂಗುರ ಮೂರು ಅದಾವ. ನಡುವಿಂದು ಮುರದದ."

"ಏ ಮಾಸ್ತರ, ಅವೆಲ್ಲ ಈಗ ಎಲ್ಲಿ ಇರ್ತಾವ್ರೀ..." ಎಂದು ನಿಮ್ಮಪ್ಪ ನಗುತ್ತ ನಡೆದ. ನಗು ಅರ್ಧಕ್ಕೆ ನಿಂತಿತು.

"ಅದಾವ ಮಾಸ್ತರ."

"ಮೂರಾ?"

"ಮೂರು. ನಡುವಿಂದು ಮುರದದ."

ಮಾಸ್ತರು ನನ್ನ ಕಡೆ ಮುಖ ತಿರುಗಿಸಿದರು. ನಾನು ಆ ಹೊತ್ತು ಬಾಯಿ ಬಿಟ್ಟು ಹೇಳಿದೆ: "ಖರೇ ಹೇಳಿದ್ರಿ ಮಾಸ್ತರ. ಖರೇನ ಹೇಳಿದ್ರಿ."

ಅವರ ಮುಖ ಸಡಿಲವಾಯಿತು. "ಆ ಉಂಗುರದಿಂದ ಮೂವತ್ತಾರು ಮೆಟ್ಟಿಲು ಇಳಿ ತಮ್ಮಾ. ಅಲ್ಲಿ ಹಗ್ಗದವರು ಬಿಸಿನೀರು ಕುಡಿಯಾಕ ಕೂಡ್ತಾರ."

ಸ್ವಲ್ಪ ಹೊತ್ತಿಗೆ ನಿಮ್ಮಪ್ಪ ಹೇಳಿದ: "ಹನ್ನೊಂದನೇ ಮೆಟ್ಟಿಲಿಗೇ ನೀರು ಬಂತು ಮಾಸ್ತರ. ಕೆಳಗ ಎಲ್ಲೋ ದೊಡ್ಡ ಡ್ಯಾಮ್ ಕಟ್ಟ್ಯಾರಂತ. ಚಳಿಗಾಲದಾಗ ನೀರು ಇಲ್ಲಿತನಕ ಏರ್ತದಂತ. ಇನ್ನ ಇಳಿಯಾಕ ಬರಲ್ಲ."

"ನೀ ಅಲ್ಲೇ ನಿಂದ್ರು. ಉಳಿದದ್ದು ನಾ ಇಳಿತೀನಿ."

ಮಾಸ್ತರು ಮಂಚದ ಅಂಚಿನಲ್ಲಿ ಕುಳಿತು, ಒಂದೊಂದೇ ಕಾಲು ಮುಂದಿಡುತ್ತ ಎಣಿಸತೊಡಗಿದರು. ಹನ್ನೆರಡು. ಹದಿಮೂರು. ಪಕ್ಕದಲ್ಲೇ ನಿಂತ ನನಗೆ ಆ ದನಿ ಬಾವಿಯೊಳಗಿಂದ ಬಂದಂತೆ ದೂರವಾಗುತ್ತಿತ್ತು. ಇಪ್ಪತ್ತು ದಾಟಿದಾಗ ಫೋನಿನಲ್ಲಿ ನಿಮ್ಮಪ್ಪ ಪಿಸುಗುಟ್ಟಿದ.

"ಯವ್ವಾ, ಮಾಸ್ತರು ಅಲ್ಲೇ ಅದಾರೇನು?"

"ನನ್ನ ಮುಂದ ಅದಾರಪ್ಪಾ."

"ಮತ್ತ ಇಲ್ಲಿ ನೀರಿನ ಕೆಳಗ ಎಣಿಸಾಕತ್ತೋರು ಯಾರು?"

ಫೋನು ಕಡಿದುಹೋಯಿತು. ಮಾಸ್ತರು ಮೂವತ್ತಾರು ಎಂದರು. ಯಾರಿಗೋ ಜಾಗ ಕೊಡುವವರ ಹಾಗೆ ತುಸು ಪಕ್ಕಕ್ಕೆ ಸರಿದರು. "ಮಾಸ್ತರ, ಸಾಕು, ಮ್ಯಾಲ ಬರ್ರಿ" ಎಂದು ನಾನು ಭುಜ ಹಿಡಿದು ಅಲುಗಿಸಿದೆ. ಉಸಿರು ಇತ್ತು, ಮಾತು ಇರಲಿಲ್ಲ. ಮೂರನೆಯ ದಿನ ಉಸಿರೂ ನಿಂತಿತು. ಮಣ್ಣು ಮಾಡಿ ಬಂದೆವು.

ನಿಮ್ಮಪ್ಪ ಈ ಮಾತು ಎತ್ತಿದರೆ ಎದ್ದು ಹೊರಗೆ ಹೋಗುತ್ತಾನೆ. ನಾನೂ ಹೋದ ಮೇಲೆ ಹೇಳುವವರು ಯಾರೂ ಇರುವುದಿಲ್ಲ. ಅದಕ್ಕೇ ಬರೆದಿದ್ದೇನೆ. ನನ್ನ ಪೆಟ್ಟಿಗೆಯಲ್ಲಿ ಸೀರೆಗಳ ಕೆಳಗೆ ಈ ಹಾಳೆಗಳು ಇರುತ್ತವೆ. ನಂಬದಿದ್ದರೂ ನಡೆದೀತು, ಮಕ್ಕಳೇ. ಹರಿಯಬೇಡಿ, ಜೋಪಾನ ಮಾಡಿ.