ಗವರ್ನರ್‌ಗಿಂತ ದೊಡ್ಡ ಸಂಬಳ

ನನ್ನ ಮಗಳು ದಕ್ಷಿಣ ಕೆರೊಲಿನಾದ ಒಂದು ಸರ್ಕಾರಿ ಯೂನಿವರ್ಸಿಟಿಗೆ ಟೆನಿಸ್ ಆಡುತ್ತಿದ್ದಳು. ಅವಳ ಓದಿನ ಖರ್ಚಿನ ಬಹುಪಾಲನ್ನು ಆಟಕ್ಕೆ ಸಿಕ್ಕ ಸ್ಕಾಲರ್‌ಶಿಪ್ಪೇ ನೋಡಿಕೊಳ್ಳುತ್ತಿತ್ತು. ಕೋವಿಡ್ ಬಂದ ವರ್ಷ ಫುಟ್‌ಬಾಲ್ ಸ್ಟೇಡಿಯಂ ಖಾಲಿ ಬಿತ್ತು. ಉಳಿದ ಆಟಗಳನ್ನೂ ಸಾಕುತ್ತಿದ್ದ ಆ ಟಿಕೆಟ್ಟಿನ ದುಡ್ಡು ನಿಂತಿದ್ದರಿಂದ ಸಣ್ಣ ಆಟಗಳನ್ನು ಮುಚ್ಚುತ್ತಾರೆ, ಟೆನಿಸ್ಸಿನದೇ ಮೊದಲ ಸರದಿ ಎಂಬ ಸುದ್ದಿ ಹಬ್ಬಿತು.

ಆಗ ನಾನು ಷಾರ್ಲೆಟ್ ಊರಿನ ನಮ್ಮ ಮನೆಯಲ್ಲೇ ಕೂತು ಬ್ಯಾಂಕಿನ ಕೆಲಸ ಮಾಡುತ್ತಿದ್ದೆ. ಇದನ್ನು ತೀರ್ಮಾನಿಸುವವರು ಯಾರು ಎಂದು ಹುಡುಕಿದೆ. ಕಾಲೇಜಿನ ಎಲ್ಲ ಆಟಗಳನ್ನೂ ನಡೆಸುವ ಅಥ್ಲೆಟಿಕ್ ಡೈರೆಕ್ಟರ್, ಒಬ್ಬ ಹೆಂಗಸು. ಸರ್ಕಾರಿ ಹುದ್ದೆಯಾದ್ದರಿಂದ ಸಂಬಳ ಎಲ್ಲರ ಕಣ್ಣಿಗೂ ಬೀಳುವಂತೆ ಇಂಟರ್ನೆಟ್‌ನಲ್ಲೇ ಇತ್ತು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದೆ.

"ಲೇ, ಇಲ್ಲಿ ಬಾ. ಈಕೆ ಸಂಬಳ ರಾಜ್ಯ ನಡೆಸೋ ಗವರ್ನರ್‌ಗಿಂತ ಎಷ್ಟೋ ಪಟ್ಟು ಜಾಸ್ತಿ ಇದೆ! ಟೀಮ್ ಗೆದ್ರೆ ಬೋನಸ್ ಬೇರೆಯಂತೆ."

ಹೆಂಡತಿ ಬಗ್ಗಿ ನೋಡಿದಳು. "ಇಷ್ಟು ತಗೊಂಡು ನಮ್ಮ ಮಕ್ಕಳ ಟೀಮ್ ಕಟ್ ಮಾಡ್ತಾರಾ? ಸಿಕ್ಕಾಗ ಕೇಳೇ ಕೇಳ್ತೀನಿ ನಾನು."

ಟೀಮ್ ಹೇಗೋ ಒಂದು ವರ್ಷ ಉಳಿಯಿತು. ಮರುವರ್ಷ ಸ್ಟೇಡಿಯಂ ತೆರೆದಾಗ, ಕಾಲೇಜಿನ ದಾನಿಗಳು ಕೂರುವ ಗಾಜಿನ ಕೋಣೆಗೆ, ಆಟಗಾರ್ತಿಯ ಅಪ್ಪ-ಅಮ್ಮನೆಂದು ನಮ್ಮನ್ನೂ ಕರೆದರು. ಕೆಳಗೆ ಸ್ಟೇಡಿಯಂ ತುಂಬಿತ್ತು; ಅಷ್ಟು ಜನರನ್ನು ನಾನು ಒಂದೆಡೆ ಕಂಡಿದ್ದೇ ಇಲ್ಲ. ನಮ್ಮವರು ಅಂಕ ಗಳಿಸಿದಾಗ ಎದ್ದ ಕೂಗಿಗೆ ನನ್ನ ಕೈಯ ಲೋಟದ ನೀರು ನಡುಗಿತು.

ಡೈರೆಕ್ಟರ್ ಸಣ್ಣ ಆಳು. ಸೂಟಿನ ಕೆಳಗೆ ಓಟದ ಶೂ. ಲಾರಿ ಕಂಪನಿಯ ಮಾಲೀಕರಾದ ಮುದುಕರೊಬ್ಬರ ಕುರ್ಚಿಯ ಪಕ್ಕ ಮೊಣಕಾಲೂರಿ ಕೂತು, ಅವರ ಹೆಂಡತಿಯ ಮಂಡಿ ಆಪರೇಷನ್ ಬಗ್ಗೆ ವಿಚಾರಿಸಿದರು. ಆಮೇಲೆ ನನ್ನತ್ತ ಕೈ ತೋರಿಸಿ, "ಇವರ ಮಗಳೂ ನಿಮ್ಮ ಹಾಗೆ ಎಡಗೈ ಆಟಗಾರ್ತಿ. ಎರಡನೇ ಸರ್ವ್ ಇನ್ನೂ ಸ್ವಲ್ಪ ಹೆದರಿಕೊಂಡೇ ಹಾಕುತ್ತಾಳೆ" ಎಂದರು.

ಅದು ಮನೆಯವರಿಗಷ್ಟೇ ಗೊತ್ತು ಅಂದುಕೊಂಡಿದ್ದೆ.

ಮುದುಕರು ಆ ಕಾಲೇಜಿಗೇ ಟೆನಿಸ್ ಆಡಿದವರಂತೆ. ಕೆಳಗಿನ ಫುಟ್‌ಬಾಲ್ ಮರೆತು ನನ್ನ ಮಗಳ ಆಟ ಕೇಳುತ್ತಾ ಕೂತರು. ಪಂದ್ಯ ಮುಗಿಯುವ ಹೊತ್ತಿಗೆ, ಟೆನಿಸ್ ಟೀಮಿನ ಖರ್ಚು ಇನ್ನು ತಮ್ಮದು ಎಂದುಬಿಟ್ಟರು. ಡೈರೆಕ್ಟರ್ ಎಲ್ಲೂ ದುಡ್ಡಿನ ಮಾತೆತ್ತಿರಲಿಲ್ಲ.

ಹೊರಡುವಾಗ ತಡೆಯಲಾರದೆ ಇಂಗ್ಲಿಷಿನಲ್ಲಿ ಹೇಳಿಯೇ ಬಿಟ್ಟೆ: "ನಿಮ್ಮ ಸಂಬಳ ನೋಡಿ ನಾನು ದಂಗಾಗಿದ್ದೆ."

ಅವರು ಜೋರಾಗಿ ನಕ್ಕರು. "ನಮ್ಮಮ್ಮನೂ ಅಷ್ಟೇ. ಅವರು ಶಾಲೆಯಲ್ಲಿ ಟೀಚರ್ ಆಗಿದ್ದವರು. ಇನ್ನೂ ನಂಬಿಲ್ಲ." ಅಷ್ಟರಲ್ಲಿ ಫೋನ್ ಬಂತು. ಮೈದಾನದಲ್ಲಿ ಪೆಟ್ಟಾಗಿದ್ದ ಹುಡುಗನೊಬ್ಬನ ತಾಯಿ. ನಗು ಅಲ್ಲೇ ನಿಂತಿತು. ಮಾತಾಡುತ್ತಲೇ ಮೆಟ್ಟಿಲಿಳಿದು ಓಡಿದರು.

ಕಾರಿನಲ್ಲಿ ಹೆಂಡತಿಯನ್ನು ಕೇಳಿದೆ, "ಏನೋ ಕೇಳ್ತೀನಿ ಅಂದಿದ್ಯಲ್ಲ?"

"ಎಲ್ಲಿ ಕೇಳೋದು? ಬಾಯಿ ಬಿಟ್ಕೊಂಡು ನೋಡ್ತಾ ನಿಂತ್ಬಿಟ್ಟೆ."

ಮಗಳು ಓದು ಮುಗಿಸಿದ ವರ್ಷ ಆ ಡೈರೆಕ್ಟರ್ ಇನ್ನೂ ದೊಡ್ಡ ಯೂನಿವರ್ಸಿಟಿಗೆ, ಇನ್ನೂ ದೊಡ್ಡ ಸಂಬಳಕ್ಕೆ ಹೋದರು. ಊಟದ ಮೇಜಿನಲ್ಲಿ ಆ ಸುದ್ದಿಯನ್ನು ನಾನು ನಮ್ಮ ಮನೆಯವರೇ ಗೆದ್ದಂತೆ ಓದಿ ಹೇಳಿದೆ.

"ಅಪ್ಪಾ, ನಮ್ಮ ಟೆನಿಸ್ ಕೋಚ್‌ಗೆ ಎಷ್ಟು ಕೊಡ್ತಾರೆ, ನೋಡಿದ್ಯಾ?" ಎಂದಳು ಮಗಳು.

ನೋಡಿರಲಿಲ್ಲ. ಆಗಲೇ ನೋಡಿದೆ. ರಾಕೆಟ್ಟಿಗೆ ತಂತಿ ಕಟ್ಟಿಕೊಟ್ಟು, ತಾನೇ ವ್ಯಾನ್ ಓಡಿಸಿಕೊಂಡು ಊರೂರಿಗೆ ಮಕ್ಕಳನ್ನು ಕರೆದೊಯ್ಯುತ್ತಿದ್ದ ಆ ಮನುಷ್ಯನ ಸಂಬಳ ನನ್ನದಕ್ಕಿಂತ ಎಷ್ಟೋ ಕಡಿಮೆ ಇತ್ತು.